ಅಪ್ಪನನ್ನು ಹೊಸ ಔಷಧಿಯ ಟ್ರಯಲ್‌ಗೆ ಸೇರಿಸಬಹುದಾ?

ಪ್ರಶ್ನೆ: ಡಾಕ್ಟರೇ, ನಮಸ್ಕಾರ. ನಮ್ಮ ತಂದೆಗೆ 66 ವರ್ಷ. ಮೂಡಿಗೆರೆ ಹತ್ತಿರ ಸಣ್ಣ ಕಾಫಿ ತೋಟ ಇದೆ. ಹೋದ ವರ್ಷ ಮೂತ್ರಕೋಶದ ಕ್ಯಾನ್ಸರ್ ಅಂತ ಗೊತ್ತಾಯಿತು. ಮೂತ್ರದ ದಾರಿಯಿಂದಲೇ ಗಡ್ಡೆ ತೆಗೆದು ಆರು ವಾರ ಬಿಸಿಜಿ ಹಾಕಿದರು, ಆಮೇಲೆ ಇನ್ನೂ ಮೂರು ವಾರ. ಈಗ ಮತ್ತೆ ಬಂದಿದೆ, ಆದರೆ ಸ್ನಾಯುವಿಗೆ ಇಳಿದಿಲ್ಲವಂತೆ. ಮೂತ್ರಕೋಶ ಪೂರ್ತಿ ತೆಗೆಸಿ, ಇಲ್ಲಾಂದ್ರೆ ಬೆಂಗಳೂರಿನಲ್ಲಿ ಹೊಸ ಔಷಧಿಯ ಟ್ರಯಲ್ ಇದೆ ನೋಡಿ ಅಂದಿದ್ದಾರೆ. ಮೂತ್ರಕೋಶ ತೆಗೆಸಿದರೆ ಮೂತ್ರಕ್ಕೆ ಹೊಟ್ಟೆ ಮೇಲೆ ಚೀಲ ಇಡ್ತಾರಂತೆ, ಅಪ್ಪನಿಗೆ ಅದು ಬೇಡವೇ ಬೇಡ. ಚಿಕ್ಕಪ್ಪ "ಅಣ್ಣನ ಮೇಲೆ ಪ್ರಯೋಗ ಮಾಡಿಸ್ತೀಯೇನೋ" ಅಂತ ಕೂಗಾಡ್ತಾರೆ. ಏನು ಮಾಡಲಿ?
– ಹೆಸರು ಬೇಡ, ಮೂಡಿಗೆರೆ ತಾಲ್ಲೂಕು

ಉತ್ತರ: ಚಿಕ್ಕಪ್ಪನ ಸಂಕಟ ಅರ್ಥವಾಗುತ್ತದೆ. ಅವರಿಗೆ ಮೊದಲು ಇದನ್ನು ಓದಿ ಹೇಳಿ. ಅವರ ಅಣ್ಣನಿಗೆ ಇಷ್ಟು ದಿನ ಹಾಕಿದ ಬಿಸಿಜಿ ಕೂಡ ಟ್ರಯಲ್‌ನಿಂದಲೇ ಬಂದದ್ದು. ಮಗು ಹುಟ್ಟಿದ ಕೂಡಲೇ ತೋಳಿಗೆ ಹಾಕುತ್ತಾರಲ್ಲ ಟಿಬಿ ಲಸಿಕೆ, ಅದೇ ಬಿಸಿಜಿ. ಕೆನಡಾದ ಡಾಕ್ಟರ್ ಅಲ್ವಾರೊ ಮೊರಾಲೆಸ್ ಮತ್ತು ಅವರ ಜೊತೆಯವರು ಅದನ್ನು ಮೂತ್ರಕೋಶದೊಳಗೆ ಹಾಕಿ ನೋಡಿ 1976ರಲ್ಲಿ ವರದಿ ಬರೆದರು. ಆ ವರದಿಯಲ್ಲಿ ಇದ್ದದ್ದು ಬರೀ 9 ರೋಗಿಗಳು. ವಾರಕ್ಕೊಂದು ಸಲ, ಆರು ವಾರ ಅನ್ನುವ ಲೆಕ್ಕವೂ ಆಗಿನದೇ. ಅಮೆರಿಕದಲ್ಲಿ ಅದಕ್ಕೆ ಸರ್ಕಾರದ ಒಪ್ಪಿಗೆ ಸಿಗುವಾಗ 1990 ಆಗಿತ್ತು. ಆ ಒಂಬತ್ತು ಜನರ ಋಣ ನಮ್ಮೆಲ್ಲರ ಮೇಲಿದೆ ಅಂತ ನಾನು ನಿಜವಾಗಿ ನಂಬಿದ್ದೇನೆ.

ಈ ಕಾಯಿಲೆಗೆ ಔಷಧಿ ಕಂಡುಹಿಡಿಯುವುದು ಯಾಕೆ ಇಷ್ಟು ಕಷ್ಟ ಅಂದರೆ, ಅಪ್ಪನಿಗೆ ಬಿಸಿಜಿ ಹಾಕಿದ ದಿನ ನೆನಪು ಮಾಡಿಕೊಳ್ಳಿ. ಕ್ಯಾತಿಟರ್ ಅನ್ನುವ ತೆಳು ಕೊಳವೆ ಹಾಕಿ ಔಷಧಿ ಒಳಗೆ ಬಿಟ್ಟು, ಎರಡು ಗಂಟೆ ತಡೆದುಕೊಳ್ಳಿ, ಆಗಾಗ ಮಗ್ಗುಲು ಬದಲಿಸಿ ಅಂದಿರುತ್ತಾರೆ. ಮನೆಗೆ ಬಂದ ಮೇಲೆ ಕೂತೇ ಮೂತ್ರ ಮಾಡಿ, ಕಕ್ಕಸಿಗೆ ಬ್ಲೀಚ್ ಸುರಿದು ಸ್ವಲ್ಪ ಹೊತ್ತು ಬಿಟ್ಟು ನೀರು ಹಾಕಿ ಅಂತಲೂ ಹೇಳಿರುತ್ತಾರೆ, ಯಾಕಂದರೆ ಅದರಲ್ಲಿ ಜೀವ ಇರುವ ಬ್ಯಾಕ್ಟೀರಿಯಾ ಇರುತ್ತದೆ. ಅಂದರೆ ಔಷಧಿ ನೇರವಾಗಿ ಗಡ್ಡೆ ಇರುವ ಜಾಗಕ್ಕೇ ಹೋಗುತ್ತದೆ, ಅದು ಅನುಕೂಲ. ಆದರೆ ಕಿಡ್ನಿ ಸುಮ್ನೆ ಕೂರುವುದಿಲ್ಲ, ಮೂತ್ರ ಇಳಿಯುತ್ತಲೇ ಇರುತ್ತದೆ, ಔಷಧಿ ತೆಳುವಾಗುತ್ತದೆ, ಎರಡು ಗಂಟೆಗೆ ಎಲ್ಲಾ ಹೊರಗೆ.

ಹೊಸ ಔಷಧಿಗಳಲ್ಲಿ ಜಾಸ್ತಿ ತಲೆ ಓಡಿಸಿರುವುದು ಇಲ್ಲೇ. ಒಂದು ಚಿಕ್ಕ ಸಾಧನ ಬಂದಿದೆ, ಟಾರ್-200 ಅಂತ. ಕೊಳವೆಯ ಮೂಲಕ ಒಳಗೆ ತಳ್ಳಿದರೆ ಮೂತ್ರಕೋಶದಲ್ಲಿ ಕೋಡುಬಳೆ ತರಹ ಸುತ್ತಿಕೊಂಡು ಕೂರುತ್ತದೆ, ಮೂರು ವಾರ ಅಲ್ಲೇ ಇದ್ದು ಜೆಮ್‌ಸಿಟಾಬಿನ್ ಅನ್ನುವ ಹಳೇ ಕೀಮೋ ಔಷಧಿಯನ್ನೇ ಸ್ವಲ್ಪ ಸ್ವಲ್ಪ ಬಿಡುತ್ತಾ ಇರುತ್ತದೆ. ಬಿಸಿಜಿ ಕೆಲಸ ಮಾಡದವರಲ್ಲಿ ಇದರ ಟ್ರಯಲ್ ನಡೆಸಿದಾಗ ನೂರಕ್ಕೆ 82 ಜನರಲ್ಲಿ ಗಡ್ಡೆ ಪೂರ್ತಿ ಮಾಯವಾಗಿತ್ತು. ಅವರಲ್ಲಿ ಸುಮಾರು ಅರ್ಧದಷ್ಟು ಜನರಲ್ಲಿ ಒಂದು ವರ್ಷವಾದರೂ ಮತ್ತೆ ಬರಲಿಲ್ಲ. ಅಮೆರಿಕದಲ್ಲಿ ಇದಕ್ಕೆ 2025ರಲ್ಲಿ ಒಪ್ಪಿಗೆ ಸಿಕ್ಕಿತು. ಇನ್ನೊಂದು, 2022ರಲ್ಲಿ ಒಪ್ಪಿಗೆ ಪಡೆದ ನಾಡೊಫ್ಯಾರಜೀನ್. ಹಾನಿ ಮಾಡದಂತೆ ಬದಲಿಸಿದ ವೈರಸ್ಸಿನಲ್ಲಿ ಇಂಟರ್‌ಫೆರಾನ್ (ಕ್ಯಾನ್ಸರ್ ವಿರುದ್ಧ ಹೋರಾಡುವ ಪ್ರೋಟೀನ್) ತಯಾರಿಸುವ ಜೀನ್ ಇಟ್ಟು ಒಳಗೆ ಬಿಡುತ್ತಾರೆ, ಮೂತ್ರಕೋಶದ ಗೋಡೆಯೇ ಔಷಧಿ ತಯಾರಿಸುತ್ತದೆ. ಹಾಗಾಗಿ ಮೂರು ತಿಂಗಳಿಗೆ ಒಂದು ಸಲ ಹಾಕಿದರೆ ಸಾಕು. ಇದರಲ್ಲಿ ಮೊದಲ ಮೂರು ತಿಂಗಳಿಗೆ ಸುಮಾರು ಅರ್ಧ ಜನರಿಗೆ ಪೂರ್ತಿ ಗುಣ ಕಂಡಿತ್ತು, ವರ್ಷ ತುಂಬುವಾಗ ಹಾಗೇ ಉಳಿದವರು ನಾಲ್ಕರಲ್ಲಿ ಒಬ್ಬರ ಆಸುಪಾಸು. ಈ ಲೆಕ್ಕಗಳೆಲ್ಲ ಬಯಾಪ್ಸಿಯಲ್ಲಿ "ಕಾರ್ಸಿನೋಮಾ ಇನ್ ಸಿಟು", ಅಂದರೆ ಒಳಗೋಡೆಯ ಮೇಲ್ಪದರದಲ್ಲೇ ಇರುವ ಕ್ಯಾನ್ಸರ್, ಅಂತ ಬಂದವರದ್ದು. ಅಪ್ಪನ ರಿಪೋರ್ಟಿನಲ್ಲಿ ಏನಿದೆ ಅಂತ ನೋಡಿ, ಇಲ್ಲವೇ ಕೇಳಿ ತಿಳಿದುಕೊಳ್ಳಿ.

ಬೇರೆ ಅಂಗಗಳಿಗೆ ಹರಡಿದವರ ವಿಷಯದಲ್ಲೂ ಒಳ್ಳೆ ಸುದ್ದಿ ಇದೆ. 886 ರೋಗಿಗಳ ಟ್ರಯಲ್ ಒಂದರಲ್ಲಿ ಎನ್‌ಫೋರ್ಟುಮಾಬ್ ವೆಡೋಟಿನ್ ಮತ್ತು ಪೆಂಬ್ರೋಲಿಜುಮಾಬ್ ಅನ್ನುವ ಎರಡು ಔಷಧಿ ಒಟ್ಟಿಗೆ ತೆಗೆದುಕೊಂಡವರ ಮಧ್ಯಮ ಆಯಸ್ಸು (ಅರ್ಧ ಜನ ಅದಕ್ಕಿಂತ ಹೆಚ್ಚು ಬದುಕಿದ ಅವಧಿ) 31.5 ತಿಂಗಳು ಬಂತು, ಹಳೇ ಕೀಮೋ ತೆಗೆದುಕೊಂಡವರದ್ದು 16.1 ತಿಂಗಳು. ನಿಮ್ಮ ತಂದೆಗೆ ಅದು ಬೇಕಾಗಿಲ್ಲ, ಬೇಕಾಗದಿರಲಿ.

ಇನ್ನು ಪ್ರಯೋಗದ ಭಯ. "ಬರೀ ನೀರಿನ ಇಂಜೆಕ್ಷನ್ ಕೊಟ್ಟು ಕಳಿಸಿಬಿಟ್ಟರೆ?" ಅಂತ ತುಂಬಾ ಜನ ಕೇಳುತ್ತಾರೆ. ಬಿಸಿಜಿ ಸೋತ ಮೇಲಿನ ಟ್ರಯಲ್‌ಗಳಲ್ಲಿ ಸಾಮಾನ್ಯವಾಗಿ ಎಲ್ಲರಿಗೂ ಔಷಧಿಯೇ ಸಿಗುತ್ತದೆ. ಏನೂ ಕೊಡದೆ ಕಾಯಿಸುವುದು ಸರಿಯಲ್ಲ ಅಂತ ಔಷಧಿಗಳಿಗೆ ಒಪ್ಪಿಗೆ ಕೊಡುವ ಅಮೆರಿಕದ ಎಫ್‌ಡಿಎ ಕೂಡ 2018ರಲ್ಲೇ ಎಲ್ಲರಿಗೂ ಔಷಧಿ ಕೊಡುವ, ಒಂದೇ ಗುಂಪಿನ ಟ್ರಯಲ್‌ಗಳಿಗೆ ದಾರಿ ಬಿಟ್ಟಿದೆ. ಆದರೂ ನಿಮ್ಮ ಟ್ರಯಲ್ ಹೇಗಿದೆ ಅಂತ ಕೇಳಿಕೊಳ್ಳಿ. ನಮ್ಮ ದೇಶದಲ್ಲಿ 2019ರ ನಿಯಮಗಳಿವೆ. ರೋಗಿಗಳ ಹಿತ ನೋಡುವ ಎಥಿಕ್ಸ್ ಕಮಿಟಿ ಒಪ್ಪಿರಬೇಕು, ಟ್ರಯಲ್‌ನಿಂದ ತೊಂದರೆಯಾದರೆ ಚಿಕಿತ್ಸೆ ಪುಕ್ಕಟೆ ಕೊಡಬೇಕು, ಪರಿಹಾರವೂ ಉಂಟು. ಯಾವ ದಿನ ಬೇಡ ಅನ್ನಿಸಿದರೂ ಅಪ್ಪ ಹೊರಗೆ ಬರಬಹುದು. ಸಿಟಿಆರ್‌ಐ ಅನ್ನುವ ಸರ್ಕಾರಿ ಪಟ್ಟಿಯಲ್ಲಿ ಅದು ನೋಂದಣಿಯಾಗಿರಬೇಕು, ನಂಬರ್ ಕೇಳಿ ಮೊಬೈಲಿನಲ್ಲೇ ನೋಡಬಹುದು. ಒಪ್ಪಿಗೆ ಪತ್ರ ಕನ್ನಡದಲ್ಲೇ ಕೊಡಿ ಅನ್ನಿ. ಮನೆಗೆ ತಂದು ಚಿಕ್ಕಪ್ಪನನ್ನೂ ಕೂರಿಸಿಕೊಂಡು ಓದಿ, ಅವಸರದಲ್ಲಿ ಅಲ್ಲೇ ಸಹಿ ಹಾಕಬೇಡಿ. ಬೆಂಗಳೂರಿಗೆ ಎಷ್ಟು ಸಲ ಹೋಗಬೇಕು, ಬಸ್ ಖರ್ಚು ಯಾರದ್ದು ಅನ್ನುವುದನ್ನೂ ಕೇಳಿ. ಕೊಯ್ಲಿನ ಸಮಯದಲ್ಲಿ ತೋಟ ಬಿಟ್ಟು ಮೂರು ವಾರಕ್ಕೊಂದು ಸಲ ಓಡಾಡುವುದು ಸಣ್ಣ ಮಾತಲ್ಲ.

ನನ್ನ ಅಭಿಪ್ರಾಯ ಕೇಳಿದರೆ, ಸೇರಿಸಿ. ಆದರೆ ಗಡುವು ಇಟ್ಟುಕೊಂಡು ಸೇರಿಸಿ. ಇದನ್ನು ಒತ್ತಿ ಹೇಳುತ್ತಿದ್ದೇನೆ. ಬಿಸಿಜಿಗೆ ಬಗ್ಗದ ಗಡ್ಡೆ ಒಳಗೊಳಗೇ ಸ್ನಾಯುವಿಗೆ ಇಳಿದರೆ ಆಮೇಲೆ ಆಪರೇಷನ್ ಮಾಡಿದರೂ ಪೂರ್ತಿ ಗುಣವಾಗುವ ಸಾಧ್ಯತೆ ಕಡಿಮೆ. ಮೂರು ತಿಂಗಳಿಗೆ ಒಂದು ಸಲ ಒಳಗೆ ಕ್ಯಾಮೆರಾ ಬಿಟ್ಟು ನೋಡುತ್ತಾರೆ. "ಎಷ್ಟನೇ ಸಲ ನೋಡಿದಾಗಲೂ ಗಡ್ಡೆ ಇದ್ದರೆ ನಿಲ್ಲಿಸಿ ಆಪರೇಷನ್ ಮಾಡುತ್ತೀರಿ?" ಅಂತ ಈಗಲೇ ಕೇಳಿ ಬರೆಸಿಕೊಳ್ಳಿ. ಅಪ್ಪನಿಂದಲೂ ಆ ಮಾತು ತೆಗೆದುಕೊಳ್ಳಿ. ಕರುಳಿನಿಂದಲೇ ಹೊಸ ಮೂತ್ರಕೋಶ ಮಾಡುವ ಆಪರೇಷನ್ ಕೂಡ ಇದೆ, ಎಲ್ಲರಿಗೂ ಹೊಟ್ಟೆ ಮೇಲೆ ಚೀಲ ಇಡಲೇಬೇಕು ಅಂತೇನಿಲ್ಲ. ಅವರಿಗೆ ಅದು ಆಗುತ್ತದಾ ಅಂತ ಸರ್ಜನ್ ಹತ್ತಿರ ವಿಚಾರಿಸಿ.

ಪ್ರಶ್ನೆ: ವಯಸ್ಸು 58, ಬೀಡಿ ಸೇದುತ್ತೇನೆ. ಹೋದ ತಿಂಗಳು ಒಂದು ದಿನ ಮೂತ್ರ ಕೆಂಪಗೆ ಬಂತು, ನೋವಿಲ್ಲ. ಬಾಳೆದಿಂಡಿನ ರಸ ಕುಡಿದೆ, ನಿಂತಿತು. ಇನ್ನೂ ಎಷ್ಟು ದಿನ ಕುಡಿಯಬೇಕು?
– ಓದುಗರು, ಅರಸೀಕೆರೆ

ಉತ್ತರ: ರಸದಿಂದ ನಿಂತದ್ದಲ್ಲ, ತಾನಾಗಿ ನಿಂತಿದೆ. ಮೂತ್ರಕೋಶದ ಕ್ಯಾನ್ಸರ್ ಎಷ್ಟೋ ಸಲ ಹೀಗೇ ಶುರುವಾಗುತ್ತದೆ, ಒಂದು ದಿನ ರಕ್ತ, ಆಮೇಲೆ ತಿಂಗಳುಗಟ್ಟಲೆ ಏನೂ ಇಲ್ಲ. ಬೀಡಿಯ ವಿಷ ಕಿಡ್ನಿಯಲ್ಲಿ ಸೋಸಿ ಬಂದು ಗಂಟೆಗಟ್ಟಲೆ ಮೂತ್ರಕೋಶದಲ್ಲೇ ನಿಲ್ಲುತ್ತದೆ. ನಿಮ್ಮದು ಕಲ್ಲೋ ಸೋಂಕೋ ಇರಬಹುದು, ಆದರೆ ನೋಡದೆ ಹೇಳಲಾಗದು. ಈ ವಾರವೇ ಹಾಸನಕ್ಕೆ ಬಂದು ಯೂರಾಲಜಿಸ್ಟ್ ಹತ್ತಿರ ತೋರಿಸಿ. ಸ್ಕ್ಯಾನ್‌ನಲ್ಲಿ ಏನೂ ಇಲ್ಲ ಅಂತ ಬಂದರೂ ಸಿಸ್ಟೋಸ್ಕೋಪಿ (ಮೂತ್ರಕೋಶದೊಳಗೆ ಕ್ಯಾಮೆರಾ ಬಿಟ್ಟು ನೋಡುವ ಪರೀಕ್ಷೆ) ಬಿಡಬೇಡಿ, ಚಿಕ್ಕ ಗಡ್ಡೆ ಸ್ಕ್ಯಾನ್ ಕಣ್ಣಿಗೆ ಬೀಳದೇ ಹೋಗಬಹುದು.