ಕಮಾಂಡ್ ಲೈನ್‌ನಿಂದ ಡಿಎಲ್‌ಎಲ್ ಕಟ್ಟಿದರೆ ಎಕ್ಸೆಲ್‌ಗೆ ಅದರೊಳಗಿನ ಫಂಕ್ಷನ್ ಸಿಗುತ್ತಿಲ್ಲ, ಏನು ಮಾಡಲಿ?

ನಿಮ್ಮ ಪ್ರಶ್ನೆಯಿಂದ ನನಗೆ ತಿಳಿದದ್ದು ಇಷ್ಟು. ಬ್ಯಾಡಗಿಯ ಮೆಣಸಿನಕಾಯಿ ದಲಾಲಿ ಅಂಗಡಿಯೊಂದರ ಲೆಕ್ಕ ನೋಡಿಕೊಳ್ಳುತ್ತೀರಿ. ಎಕ್ಸೆಲ್ ಹಾಳೆಯಲ್ಲೂ, ಸಿ ಶಾರ್ಪ್‌ನಲ್ಲಿ ಬರೆಸಿದ ಬಿಲ್ ಪ್ರೋಗ್ರಾಂನಲ್ಲೂ ಒಂದೇ ಲೆಕ್ಕ ಬರಬೇಕೆಂದು ಅದನ್ನು ಸಿ ಭಾಷೆಯಲ್ಲಿ ಬರೆದು ಡಿಎಲ್‌ಎಲ್ (ಬೇರೆ ಪ್ರೋಗ್ರಾಂಗಳು ಕರೆದು ಬಳಸುವ ಫಂಕ್ಷನ್‌ಗಳ ಫೈಲ್) ಮಾಡಹೊರಟಿದ್ದೀರಿ. ಕಾಲೇಜಿನ ಹಳೆಯ ನೋಟ್ಸ್‌ನಲ್ಲಿದ್ದ ಡಿಎಲ್‌ಎಲ್‌ವ್ರ್ಯಾಪ್ ಎಂಬ ಟೂಲ್ ಬಳಸಿದಾಗ ಅದು ‘ಎಕ್ಸ್‌ಪೋರ್ಟ್ ಡೆಫಿನಿಷನ್ ಫೈಲ್ ಕೊಟ್ಟಿಲ್ಲ, ನಾನೇ ಒಂದು ಮಾಡುತ್ತೇನೆ, ಆದರೆ ಅದು ನಿಮಗೆ ಬೇಕಾದ್ದು ಆಗಿರಲಿಕ್ಕಿಲ್ಲ’ ಎಂಬರ್ಥದ ಎಚ್ಚರಿಕೆ ಕೊಟ್ಟಿತು. ಡಿಎಲ್‌ಎಲ್ ಫೈಲ್ ಏನೋ ಹುಟ್ಟಿತು, ಆದರೆ ಎಕ್ಸೆಲ್‌ನಲ್ಲಿ ಕರೆದರೆ 453 ನಂಬರಿನ ಎರರ್. ಸಾಮಾನ್ಯ ಬಿಲ್ ಲೆಕ್ಕಕ್ಕೆ ಇಷ್ಟೆಲ್ಲ ಬೇಕಿಲ್ಲ ಎನ್ನುವವರಿದ್ದಾರೆ. ಎರಡು ಕಡೆ ಎರಡು ಮೊತ್ತ ಬಂದು ರೈತರ ಮುಂದೆ ತಡವರಿಸುವುದಕ್ಕಿಂತ ಲೆಕ್ಕ ಒಂದೇ ಜಾಗದಲ್ಲಿರುವುದು ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ. ಹುಬ್ಬಳ್ಳಿ ಅಮರಗೋಳದ ಎಪಿಎಂಸಿ ಅಂಗಡಿಗಳಿಗೆ ನಾನು ಇಂಥದ್ದೇ ಕೆಲಸ ಮಾಡಿಕೊಡುತ್ತೇನೆ, ಹಾಗಾಗಿ ಕೊಂಚ ಉದ್ದವಾಗಿಯೇ ಬರೆಯುತ್ತೇನೆ.

ಮೊದಲು ಡಿಎಲ್‌ಎಲ್‌ವ್ರ್ಯಾಪ್ ಬಿಟ್ಟುಬಿಡಿ. ಈಚಿನ ಆವೃತ್ತಿಗಳಲ್ಲಿ ಅದನ್ನು ಓಡಿಸಿದರೆ ‘ಇದು ಬಳಕೆ ತಪ್ಪುತ್ತಿರುವ ಟೂಲ್, ಜಿಸಿಸಿಯನ್ನೇ ಶೇರ್ಡ್ ಆಯ್ಕೆಯೊಂದಿಗೆ ಬಳಸಿ’ ಎಂದು ಅದೇ ಹೇಳುತ್ತದೆ. ಜಿಸಿಸಿ ಎಂದರೆ ಸಿ ಕೋಡನ್ನು ಯಂತ್ರಕ್ಕೆ ತಿಳಿಯುವಂತೆ ಮಾಡುವ ಕಂಪೈಲರ್. ನಿಮಗೆ ಬೇಕಾದ ಕಮಾಂಡ್ ಇದು (ಉಚ್ಚಾರದಂತೆ ಬರೆದಿದ್ದೇನೆ, ಟೈಪ್ ಮಾಡುವಾಗ ಇಂಗ್ಲಿಷ್ ಸಣ್ಣಕ್ಷರಗಳಲ್ಲಿ ಮಾಡಿ):

ಜಿಸಿಸಿ -ಶೇರ್ಡ್ -ಓ ಪಟ್ಟಿ.ಡಿಎಲ್‌ಎಲ್ ಪಟ್ಟಿ.ಸಿ

ಇಷ್ಟೇ. ಹಾಗಾದರೆ ಹಳೆಯ ನೋಟ್ಸ್‌ನಲ್ಲಿ ಅಷ್ಟು ಉದ್ದದ ಕ್ರಮ ಯಾಕಿತ್ತು? ಅದಕ್ಕೆ ಕಾರಣವಿತ್ತು. ಡಿಎಲ್‌ಎಲ್ ಮೆಮೊರಿಯಲ್ಲಿ ತಾನು ಬಯಸಿದ ವಿಳಾಸದಲ್ಲೇ ಕೂರುತ್ತದೆ ಎಂಬ ಖಾತ್ರಿ ಇಲ್ಲ. ಆ ಜಾಗದಲ್ಲಿ ಆಗಲೇ ಇನ್ನೊಂದು ಡಿಎಲ್‌ಎಲ್ ಕೂತಿದ್ದರೆ ವಿಂಡೋಸ್ ಇದನ್ನು ಬೇರೆ ಕಡೆ ಕೂರಿಸಿ, ಒಳಗಿನ ವಿಳಾಸಗಳನ್ನೆಲ್ಲ ತಿದ್ದುತ್ತದೆ. ಎಲ್ಲೆಲ್ಲಿ ತಿದ್ದಬೇಕು ಎಂಬುದು ಫೈಲ್‌ನೊಳಗಿನ ರಿಲೊಕೇಶನ್ ಕೋಷ್ಟಕದಲ್ಲಿ ಇರಬೇಕು. ಗ್ನೂ ಲಿಂಕರ್‌ಗೆ (ಕಂಪೈಲ್ ಆದ ತುಣುಕುಗಳನ್ನು ಜೋಡಿಸಿ ಒಂದು ಫೈಲ್ ಮಾಡುವ ಪ್ರೋಗ್ರಾಂಗೆ) ಮೊದಲು ಆ ಕೋಷ್ಟಕವನ್ನು ತಾನೇ ಬರೆಯಲು ಬರುತ್ತಿರಲಿಲ್ಲ. ಅದಕ್ಕೆ ಒಮ್ಮೆ ಲಿಂಕ್ ಮಾಡಿ ಬೇಸ್ ಫೈಲ್ ತೆಗೆಯುವುದು, ಅದನ್ನು ಡಿಎಲ್‌ಎಲ್‌ಟೂಲ್‌ಗೆ ಕೊಟ್ಟು ಎಕ್ಸ್‌ಪೋರ್ಟ್ ಫೈಲ್ ಮಾಡಿಸುವುದು, ಆಮೇಲೆ ಅದನ್ನೂ ಸೇರಿಸಿ ಮತ್ತೆ ಲಿಂಕ್ ಮಾಡುವುದು, ಹೀಗೆ ನಡೆಯುತ್ತಿತ್ತು. ಈ ಓಡಾಟವನ್ನು ಒಂದೇ ಕಮಾಂಡ್‌ಗೆ ತಂದದ್ದು ಡಿಎಲ್‌ಎಲ್‌ವ್ರ್ಯಾಪ್. ಲಿಂಕರ್ ಆ ಕೆಲಸವನ್ನು ತಾನೇ ಕಲಿತ ಮೇಲೆ ನಡುವಿನವರು ಬೇಕಾಗಲಿಲ್ಲ. ನಿಮ್ಮ ನೋಟ್ಸ್ ತಪ್ಪಲ್ಲ, ಅದರ ಕಾಲ ಮುಗಿದಿದೆ.

ಈಗ 453ಕ್ಕೆ ಬರೋಣ. ಇದರರ್ಥ ಡಿಎಲ್‌ಎಲ್ ಲೋಡ್ ಆಗಿದೆ, ಆದರೆ ನೀವು ಕೇಳಿದ ಹೆಸರಿನ ಫಂಕ್ಷನ್ ಅದರ ಹೊರಪಟ್ಟಿಯಲ್ಲಿ, ಅಂದರೆ ಹೊರಗಿನವರು ಕರೆಯಬಹುದಾದ ಫಂಕ್ಷನ್‌ಗಳ ಎಕ್ಸ್‌ಪೋರ್ಟ್ ಪಟ್ಟಿಯಲ್ಲಿ, ಇಲ್ಲ. ಹಾಗಾಗಿ ಊಹೆ ಬೇಡ, ಆ ಹೊರಪಟ್ಟಿಯನ್ನೇ ತೆಗೆದು ನೋಡಿ. ಆಬ್ಜ್‌ಡಂಪ್ -ಪಿ ಪಟ್ಟಿ.ಡಿಎಲ್‌ಎಲ್ ಎಂದು ಕೊಟ್ಟರೆ ಎಕ್ಸ್‌ಪೋರ್ಟ್ ಟೇಬಲ್ ಎಂಬ ಭಾಗದಲ್ಲಿ ಹೆಸರುಗಳು ಸಿಗುತ್ತವೆ. ವಿಷುಯಲ್ ಸ್ಟುಡಿಯೋ ಇದ್ದವರಿಗೆ ಇದೇ ಕೆಲಸಕ್ಕೆ ಡಂಪ್‌ಬಿನ್ /ಎಕ್ಸ್‌ಪೋರ್ಟ್ಸ್ ಇದೆ. ನಿಮ್ಮ ಆಫೀಸ್ 32 ಬಿಟ್‌ನದ್ದೆಂದು ಬರೆದಿದ್ದೀರಲ್ಲ, ಅಲ್ಲಿ ನಿಮಗೆ ಕಾಣುವುದು ಬಹುಮಟ್ಟಿಗೆ ‘ಪಟ್ಟಿಮೊತ್ತ’ ಎಂದಲ್ಲ, ‘ಪಟ್ಟಿಮೊತ್ತ@16’ ಎಂದು. 32 ಬಿಟ್ ಎಕ್ಸೆಲ್‌ನ ವಿಬಿಎ (ಎಕ್ಸೆಲ್‌ನೊಳಗಿನ ಮ್ಯಾಕ್ರೋ ಭಾಷೆ) ಸ್ಟ್ಯಾಂಡರ್ಡ್ ಕಾಲ್ ಎಂಬ ಕರೆಯುವ ಪದ್ಧತಿಯಲ್ಲಿ ಮಾತ್ರ ಫಂಕ್ಷನ್ ಕರೆಯುತ್ತದೆ. ಆ ಪದ್ಧತಿಯಲ್ಲಿ ಫಂಕ್ಷನ್ ತೆಗೆದುಕೊಳ್ಳುವ ಆರ್ಗ್ಯುಮೆಂಟ್‌ಗಳು ಒಟ್ಟು ಎಷ್ಟು ಬೈಟ್ ಎಂಬುದನ್ನು ಕಂಪೈಲರ್ ಹೆಸರಿನ ಬಾಲಕ್ಕೆ ಕಟ್ಟುತ್ತದೆ. ತೂಕ ಒಂದು ಡಬಲ್ (ದಶಮಾಂಶ ಸಂಖ್ಯೆ), ದರ ಒಂದು ಡಬಲ್, ತಲಾ 8 ಬೈಟ್, ಒಟ್ಟು 16. ಮೈಕ್ರೋಸಾಫ್ಟ್ ಕಂಪೈಲರ್ ಆದರೆ ಮುಂದೆ ಒಂದು ಅಂಡರ್‌ಸ್ಕೋರ್ ಕೂಡ ಸೇರಿಸುತ್ತದೆ.

ಈ ಬಾಲ ಕತ್ತರಿಸಲು ಲಿಂಕರ್‌ಗೆ ಒಂದು ಮಾತು ಹೇಳಬೇಕು:

ಜಿಸಿಸಿ -ಶೇರ್ಡ್ -ಓ ಪಟ್ಟಿ.ಡಿಎಲ್‌ಎಲ್ ಪಟ್ಟಿ.ಸಿ -ಡಬ್ಲ್ಯೂಎಲ್,--ಕಿಲ್-ಆ್ಯಟ್

ಇಲ್ಲಿ ಡಬ್ಲ್ಯೂ ಮಾತ್ರ ದೊಡ್ಡಕ್ಷರ, ಎಲ್ ಸಣ್ಣಕ್ಷರ, ಕಾಮಾದ ಆಚೀಚೆ ಜಾಗ ಬಿಡಬಾರದು. ಬಾಲ ಇರುವ ಹೆಸರೂ ಬೇಕು, ಇಲ್ಲದ ಹೆಸರೂ ಬೇಕು ಎಂದಾದರೆ ಕಿಲ್-ಆ್ಯಟ್ ಬದಲು --ಆ್ಯಡ್-ಎಸ್‌ಟಿಡಿಕಾಲ್-ಅಲಿಯಾಸ್ ಕೊಡಿ. ಬಾಲದ ತೊಂದರೆಗೆ ಹೆದರಿ ಸ್ಟ್ಯಾಂಡರ್ಡ್ ಕಾಲ್ ತೆಗೆದುಹಾಕಬೇಡಿ. 453 ಹೋಗಿ 49 ಬರುತ್ತದೆ, ಅದು ಕಾಲಿಂಗ್ ಕನ್ವೆನ್ಷನ್ ಹೊಂದುತ್ತಿಲ್ಲ ಎಂಬ ಎರರ್. ಸಿ ಪ್ಲಸ್ ಪ್ಲಸ್‌ನಲ್ಲಿ ಬರೆದವರು ಫಂಕ್ಷನ್ ಮುಂದೆ ಎಕ್ಸ್‌ಟರ್ನ್ ‘ಸಿ’ ಹಾಕಲೇಬೇಕು, ಇಲ್ಲದಿದ್ದರೆ ಆರ್ಗ್ಯುಮೆಂಟ್‌ಗಳ ಜಾತಕವೆಲ್ಲ ಹೆಸರಿನೊಳಗೆ ಸೇರಿ ಗುರುತೇ ಸಿಗದಂತಾಗುತ್ತದೆ.

ಇನ್ನೊಂದು ಸಂಗತಿ ನೆನಪಿಡಿ. ಯಾವ ಫಂಕ್ಷನ್‌ಗೂ ಡಿಎಲ್‌ಎಲ್ ಎಕ್ಸ್‌ಪೋರ್ಟ್ ಗುರುತು ಹಾಕದಿದ್ದರೆ ಜಿಸಿಸಿ ಎಲ್ಲವನ್ನೂ ಹೊರಗೆ ತೋರಿಸುತ್ತದೆ. ಒಂದಕ್ಕೆ ಗುರುತು ಹಾಕಿದಿರೋ, ಆಮೇಲೆ ಗುರುತಿದ್ದವು ಮಾತ್ರ. ‘ನಿನ್ನೆ ಸಿಗುತ್ತಿದ್ದ ಫಂಕ್ಷನ್ ಇವತ್ತು ಕಾಣೆ’ ಎಂಬ ದೂರಿನ ಹಿಂದೆ ಹೆಚ್ಚಾಗಿ ಇರುವುದು ಇದೇ.

ಬಿಟ್ ವಿಷಯ ಬೇಗ ಮುಗಿಸುತ್ತೇನೆ. ಲೆಕ್ಕಕ್ಕೆ ಬರುವುದು ವಿಂಡೋಸ್ ಎಷ್ಟು ಬಿಟ್ ಎಂಬುದಲ್ಲ, ಎಕ್ಸೆಲ್ ಎಷ್ಟು ಬಿಟ್ ಎಂಬುದು. 64 ಬಿಟ್ ವಿಂಡೋಸ್ ಮೇಲೆ 32 ಬಿಟ್ ಆಫೀಸ್ ನಮ್ಮ ಕಡೆಯ ಅಂಗಡಿಗಳಲ್ಲಿ ಈಗಲೂ ಧಾರಾಳವಾಗಿ ಸಿಗುತ್ತದೆ. ಫೈಲ್, ಅಕೌಂಟ್, ಅಬೌಟ್ ಎಕ್ಸೆಲ್ ಒತ್ತಿದರೆ ಮೇಲಿನ ಸಾಲಿನಲ್ಲೇ ಬರೆದಿರುತ್ತದೆ. ಎರಡೂ ಬಗೆಯ ಡಿಎಲ್‌ಎಲ್ ಕಟ್ಟಿ ಇಟ್ಟುಕೊಳ್ಳಿ. ನಾನು ಉಬುಂಟು ಮೇಲೆ ಮಿಂಗ್‌ಡಬ್ಲ್ಯೂ-ಡಬ್ಲ್ಯೂ64 (ವಿಂಡೋಸ್‌ಗೆ ಫೈಲ್ ಕಟ್ಟುವ ಜಿಸಿಸಿ) ಪ್ಯಾಕೇಜ್ ಹಾಕಿಕೊಂಡು ಎರಡನ್ನೂ ಕಟ್ಟುತ್ತೇನೆ. 32 ಬಿಟ್‌ಗೆ ಐ686 ಎಂದು ಶುರುವಾಗುವ ಜಿಸಿಸಿ, 64ಕ್ಕೆ ಎಕ್ಸ್86_64 ಎಂದು ಶುರುವಾಗುವ ಜಿಸಿಸಿ. ಹೆಸರಿನೊಳಗೆ ಎರಡಕ್ಕೂ ಮಿಂಗ್‌ಡಬ್ಲ್ಯೂ32 ಎಂದೇ ಇರುತ್ತದೆ, ಅದನ್ನು ನೋಡಿ ಮೋಸಹೋಗಬೇಡಿ. 64 ಬಿಟ್‌ನಲ್ಲಿ ಹೆಸರಿಗೆ ಬಾಲವೇ ಇರುವುದಿಲ್ಲ, ಕಿಲ್-ಆ್ಯಟ್ ಬೇಕಾಗುವುದೂ ಇಲ್ಲ. ವಿಬಿಎಯಲ್ಲಿ ಡಿಎಲ್‌ಎಲ್‌ನ ಫಂಕ್ಷನ್ ಪರಿಚಯಿಸುವ ಡಿಕ್ಲೇರ್ ಸಾಲಿಗೆ ಪಿಟಿಆರ್‌ಸೇಫ್ ಸೇರಿಸಿದರೆ ಆಫೀಸ್ 2010ರಿಂದೀಚೆಗೆ ಎರಡರಲ್ಲೂ ನಡೆಯುತ್ತದೆ. ಎರರ್ 48 ಬಂದರೆ ಎಕ್ಸೆಲ್‌ಗೂ ಡಿಎಲ್‌ಎಲ್‌ಗೂ ಬಿಟ್ ಹೊಂದುತ್ತಿಲ್ಲ ಎಂದೇ ಮೊದಲು ಅನುಮಾನಿಸಿ.

ಇನ್ನು ‘ನಮ್ಮ ಮಷೀನ್‌ನ್ಯಾಗ ಚಲೋ ನಡೀತೈತ್ರಿ, ಅಂಗಡ್ಯಾಗ ನಡಿಯಂಗಿಲ್ಲ’ ಎಂಬ ಮಾತು. ಇದು ನಿಮಗೆ ಇನ್ನೂ ಬಂದಿಲ್ಲ, ಬಂದೇ ಬರುತ್ತದೆ. ಎಕ್ಸೆಲ್ ಎರರ್ 53 ಕೊಟ್ಟು ಫೈಲ್ ಸಿಗಲಿಲ್ಲ ಎನ್ನುತ್ತದೆ, ಫೈಲ್ ನೋಡಿದರೆ ಕಣ್ಣೆದುರಿಗೇ ಇರುತ್ತದೆ. ಸಿಗದಿರುವುದು ನಿಮ್ಮ ಡಿಎಲ್‌ಎಲ್ ಅಲ್ಲ, ಅದು ನೆಚ್ಚಿಕೊಂಡಿರುವ ಇನ್ನೊಂದು. ಅದೇ ಆಬ್ಜ್‌ಡಂಪ್ ಕಮಾಂಡ್‌ನ ಫಲಿತಾಂಶದಲ್ಲಿ ‘ಡಿಎಲ್‌ಎಲ್ ನೇಮ್’ ಎಂದಿರುವ ಸಾಲುಗಳನ್ನು ಓದಿ. ಕರ್ನೆಲ್32 ಇದ್ದರೆ ಚಿಂತೆಯಿಲ್ಲ, ಅದು ಎಲ್ಲ ವಿಂಡೋಸ್‌ನಲ್ಲೂ ಇದೆ. ಲಿಬ್‌ಜಿಸಿಸಿ, ಲಿಬ್‌ಎಸ್‌ಟಿಡಿಸಿ++, ಲಿಬ್‌ವಿನ್‌ಪಿಥ್ರೆಡ್ ಎಂಬ ಹೆಸರು ಕಂಡರೆ ಅವು ಕಂಪೈಲರ್ ಜೊತೆ ಬಂದವು, ಅಂಗಡಿಯ ಕಂಪ್ಯೂಟರ್‌ನಲ್ಲಿ ಇರುವುದಿಲ್ಲ. ನಿಮ್ಮಲ್ಲಿ ನಡೆದದ್ದು ಕಂಪೈಲರ್ ಫೋಲ್ಡರ್ ನಿಮ್ಮ ಪಾತ್‌ನಲ್ಲಿ (ವಿಂಡೋಸ್ ಫೈಲ್ ಹುಡುಕುವ ಫೋಲ್ಡರ್‌ಗಳ ಸಾಲಿನಲ್ಲಿ) ಇರುವುದರಿಂದ. ಕಮಾಂಡ್‌ಗೆ -ಸ್ಟ್ಯಾಟಿಕ್ ಸೇರಿಸಿದರೆ ಅವೆಲ್ಲ ನಿಮ್ಮ ಡಿಎಲ್‌ಎಲ್‌ನೊಳಗೇ ಬಂದು ಕೂರುತ್ತವೆ. ಫೈಲ್ ಗಾತ್ರ ಬೆಳೆಯುತ್ತದೆ, ಬೆಳೆಯಲಿ. ಪೆನ್‌ಡ್ರೈವ್‌ನಲ್ಲಿ ಒಂದೇ ಫೈಲ್ ಒಯ್ದು ಹಾಕಿ ಬರುವ ನೆಮ್ಮದಿ ದೊಡ್ಡದು. ಹಾಗೆಂದು ಅದನ್ನು ವಿಂಡೋಸ್‌ನ ಸಿಸ್ಟಮ್32ರೊಳಗೆ ಮಾತ್ರ ಹಾಕಬೇಡಿ. 64 ಬಿಟ್ ವಿಂಡೋಸ್‌ನಲ್ಲಿ ಸಿಸ್ಟಮ್32 ಇರುವುದು 64 ಬಿಟ್ ಫೈಲ್‌ಗಳಿಗೆ, 32 ಬಿಟ್‌ನವು ಸಿಸ್‌ವಾವ್64ರಲ್ಲಿ. ಹೆಸರೇ ತಿರುವುಮುರುವು. ಸ್ವಂತ ಫೋಲ್ಡರ್ ಮಾಡಿ ಪೂರ್ತಿ ಪಾತ್ ಕೊಡಿ.

ನಿಮ್ಮ ಪ್ರಶ್ನೆಯ ಕೊನೆಯ ಸಾಲು, ‘ಮುಂದೆ ರೈತರ ಹೆಸರನ್ನೂ ಡಿಎಲ್‌ಎಲ್‌ಗೆ ಕಳಿಸಬೇಕು’ ಎಂಬುದು, ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸಿತು. ಇಂಗ್ಲಿಷ್‌ನಲ್ಲಿ ಸಿಗುವ ಉದಾಹರಣೆಗಳನ್ನು ನಕಲು ಮಾಡಿದರೆ ಇಲ್ಲಿ ಕೈಕೊಡುತ್ತವೆ, ಯಾಕೆಂದರೆ ಅವನ್ನು ಬರೆದವರಿಗೆ ಕನ್ನಡದ ಹೆಸರು ಎದುರಾಗಿರುವುದಿಲ್ಲ.

ಎಕ್ಸೆಲ್ ಒಳಗೆ ಅಕ್ಷರಗಳು ಯೂನಿಕೋಡ್‌ನಲ್ಲೇ ಇರುತ್ತವೆ, ಒಂದೊಂದು ಸಂಕೇತಕ್ಕೆ 2 ಬೈಟ್. ಆದರೆ ಡಿಕ್ಲೇರ್ ಸಾಲಿನಲ್ಲಿ ‘ಬೈವ್ಯಾಲ್ ಆ್ಯಸ್ ಸ್ಟ್ರಿಂಗ್’ ಎಂದು ಬರೆದರೆ, ವಿಬಿಎ ಆ ಹೆಸರನ್ನು ಆನ್ಸಿಗೆ (ಭಾಷೆಗೆ ತಕ್ಕ ಕೋಡ್ ಪೇಜ್ ಬಳಸುವ ಹಳೆಯ ಸಂಕೇತ ಪದ್ಧತಿಗೆ) ಪರಿವರ್ತಿಸಿ ಡಿಎಲ್‌ಎಲ್‌ಗೆ ದಾಟಿಸುತ್ತದೆ. ವಿಂಡೋಸ್‌ನಲ್ಲಿ ಕನ್ನಡಕ್ಕೆ ಆನ್ಸಿ ಕೋಡ್ ಪೇಜ್ ಇಲ್ಲವೇ ಇಲ್ಲ. ಫ್ರೆಂಚ್, ರಷ್ಯನ್‌ಗೆ ಇದೆ, ನಮಗಿಲ್ಲ. ಹಾಗಾಗಿ ಬಸವರಾಜ ಎಂಬ ಹೆಸರು ಆಚೆ ತಲುಪುವಾಗ ಬರೀ ಪ್ರಶ್ನಾರ್ಥಕ ಚಿಹ್ನೆಗಳಾಗಿರುತ್ತದೆ, ಯಾವ ಎರರ್ ಕೂಡ ಬರುವುದಿಲ್ಲ. ಹಳೆಯ ನುಡಿ ಫಾಂಟ್‌ನಲ್ಲಿ ಟೈಪ್ ಮಾಡಿದ ಹೆಸರಿಗೆ ಈ ಗತಿ ಕಾಣದು, ಯಾಕೆಂದರೆ ಅಲ್ಲಿ ಒಳಗೆ ಇರುವವು ಲ್ಯಾಟಿನ್ ಸಂಕೇತಗಳೇ, ಕಣ್ಣಿಗೆ ಮಾತ್ರ ಕನ್ನಡ. ಅದಕ್ಕೇ ಕೆಲವರು ‘ನುಡಿಯಲ್ಲಿ ಸರಿ ಬರುತ್ತದೆ, ಯೂನಿಕೋಡ್ ಸರಿ ಇಲ್ಲ’ ಎಂದು ಹಿಂದಕ್ಕೆ ಹೋಗುತ್ತಾರೆ. ದಯವಿಟ್ಟು ಹೋಗಬೇಡಿ. ಆ ಹೆಸರುಗಳನ್ನು ಹುಡುಕಲು, ಅಕಾರಾದಿಯಾಗಿ ಜೋಡಿಸಲು, ಮೊಬೈಲ್‌ಗೆ ಕಳಿಸಲು ಬರುವುದಿಲ್ಲ.

ಪರಿಹಾರ ಸರಳವಾಗಿದೆ. ಡಿಕ್ಲೇರ್‌ನಲ್ಲಿ ಹೆಸರಿನ ಆರ್ಗ್ಯುಮೆಂಟನ್ನು ಲಾಂಗ್‌ಪಿಟಿಆರ್ ಮಾಡಿ, ಕರೆಯುವಾಗ ಸ್ಟ್ರ್‌ಪಿಟಿಆರ್ ಎಂಬ ಫಂಕ್ಷನ್‌ನಿಂದ ಹೆಸರಿರುವ ವಿಳಾಸವನ್ನೇ ಕಳಿಸಿ. ಸಿ ಕಡೆ ಅದನ್ನು ಡಬ್ಲ್ಯೂಚಾರ್ ಪಾಯಿಂಟರ್ ಆಗಿ ತೆಗೆದುಕೊಳ್ಳಿ, ವಿಂಡೋಸ್‌ನಲ್ಲಿ ಅದೂ 2 ಬೈಟ್‌ನದ್ದೇ. ಪರಿವರ್ತನೆಯ ಮಾತೇ ಇಲ್ಲ. ಕನ್ನಡದ ಸಂಕೇತಗಳು 0ಸಿ80ರಿಂದ 0ಸಿಎಫ್‌ಎಫ್ ನಡುವೆ ಬರುತ್ತವೆ, ಬಂದ ಮೊದಲ ಸಂಕೇತ ಆ ವ್ಯಾಪ್ತಿಯಲ್ಲಿದೆಯೇ ಎಂದು ಪರೀಕ್ಷಿಸಿದರೆ ಸರಿಯಾಗಿ ದಾಟಿದೆಯೋ ಇಲ್ಲವೋ ಗೊತ್ತಾಗುತ್ತದೆ. ಪರೀಕ್ಷೆಗೆ ಕಪ್ಪು ಕಮಾಂಡ್ ಕಿಟಕಿಯಲ್ಲಿ ಹೆಸರು ಮುದ್ರಿಸಿ ನೋಡಬೇಡಿ, ಅಲ್ಲಿ ಒತ್ತಕ್ಷರ ಕೂಡುವುದಿಲ್ಲ, ಸರಿ ಇದ್ದದ್ದೂ ಕೆಟ್ಟಂತೆ ಕಾಣುತ್ತದೆ. ಸಂಕೇತದ ಅಂಕಿಯನ್ನೇ ಮುದ್ರಿಸಿ.

ಉದ್ದದ ಲೆಕ್ಕದಲ್ಲೂ ಜೋಪಾನ. ‘ಬ್ಯಾಡಗಿ’ ಓದುವಾಗ 3 ಅಕ್ಷರ. ಒಳಗೆ ಬ, ವಿರಾಮ (ಒತ್ತಕ್ಷರ ಕೂಡಿಸುವ ಹಲಂತ ಚಿಹ್ನೆ), ಯ, ದೀರ್ಘ, ಡ, ಗ, ಗುಡಿಸು ಸೇರಿ 7 ಸಂಕೇತ. ಬಿಲ್‌ನ ಅಂಕಣಕ್ಕೆ 20 ಸಂಕೇತ ಎಂದು ಕತ್ತರಿಸಿದರೆ ಒತ್ತಕ್ಷರದ ನಡುವೆಯೇ ಕತ್ತರಿ ಬಿದ್ದು ರೈತನ ಹೆಸರು ವಿಕಾರವಾಗಿ ಮುದ್ರಣವಾಗುತ್ತದೆ. ಕತ್ತರಿಸುವ ಜಾಗದ ಮುಂದಿನ ಸಂಕೇತ ಸ್ವರಚಿಹ್ನೆಯೋ ವಿರಾಮವೋ ಆಗಿದ್ದರೆ, ಅಥವಾ ಹಿಂದಿನದು ವಿರಾಮವಾಗಿದ್ದರೆ, ಇನ್ನಷ್ಟು ಹಿಂದಕ್ಕೆ ಸರಿಯಿರಿ. ಡಿಎಲ್‌ಎಲ್‌ನಿಂದ ಹೆಸರು ಮರಳಿ ಬರಬೇಕಿದ್ದರೆ ಜಾಗವನ್ನು ಎಕ್ಸೆಲ್ ಕಡೆಯಿಂದಲೇ ಕೊಡಿಸಿ, ಅದರ ಉದ್ದವನ್ನೂ ಕಳಿಸಿ, ಫಂಕ್ಷನ್ ಅದರೊಳಗೆ ಬರೆಯಲಿ. ಡಿಎಲ್‌ಎಲ್ ತಾನೇ ಮೆಮೊರಿ ತೆಗೆದು ಕೊಟ್ಟರೆ ಅದನ್ನು ಬಿಡುಗಡೆ ಮಾಡುವವರು ಯಾರು ಎಂಬ ತಕರಾರು ಹುಟ್ಟುತ್ತದೆ.

ಸಿ ಶಾರ್ಪ್ ಕಡೆ ಇಷ್ಟು ಗೋಳಿಲ್ಲ. ಡಿಎಲ್‌ಎಲ್‌ಇಂಪೋರ್ಟ್ ಸಾಲಿನಲ್ಲಿ (ವಿಬಿಎಯ ಡಿಕ್ಲೇರ್ ಇದ್ದಂತೆ) ಚಾರ್‌ಸೆಟ್ ಯೂನಿಕೋಡ್ ಎಂದು ಬರೆದರೆ ಹೆಸರು ಹಾಗೇ ದಾಟುತ್ತದೆ, ಸ್ಟ್ಯಾಂಡರ್ಡ್ ಕಾಲ್ ಅಲ್ಲಿ ಹೇಳದೆಯೂ ಅದೇ. ಪೂರ್ಣಾಂಕ ಕಳಿಸುವಾಗ ಮಾತ್ರ ನೋಡಿಕೊಳ್ಳಿ: ಸಿಯ ಇಂಟ್ 32 ಬಿಟ್, ವಿಬಿಎಯ ಇಂಟಿಜರ್ 16 ಬಿಟ್. ಇಂಟ್‌ಗೆ ಜೋಡಿ ವಿಬಿಎಯ ಲಾಂಗ್. ಹಣವನ್ನು ಪೈಸೆಯಾಗಿಸಿ ಲಾಂಗ್‌ನಲ್ಲಿ ಇಡುವ ಯೋಚನೆ ಇದ್ದರೆ ಅದರ ಮಿತಿ 2,14,74,836 ರೂಪಾಯಿ 47 ಪೈಸೆ. ಒಬ್ಬ ರೈತನ ಪಟ್ಟಿಗೆ ಸಾಕು, ಸುಗ್ಗಿಯ ದಿನ ಅಂಗಡಿಯ ಒಟ್ಟು ವಹಿವಾಟಿಗೆ ಸಾಲದೆ ಹೋಗಬಹುದು. ವಿಬಿಎಯ ಕರೆನ್ಸಿ ಒಳಗೆ 64 ಬಿಟ್ ಪೂರ್ಣಾಂಕವೇ, 10,000ದಿಂದ ಗುಣಿಸಿ ಇಟ್ಟಿರುತ್ತದೆ. ಹಣಕ್ಕೆ ನಾನು ಅದನ್ನೇ ಕಳಿಸುತ್ತೇನೆ.

ಕಟ್ಟುವಾಗ ‘ಪರ್ಮಿಷನ್ ಡಿನೈಡ್’ ಬಂದರೆ ಎಕ್ಸೆಲ್ ತೆರೆದಿದೆ ಎಂದರ್ಥ. ಒಮ್ಮೆ ಕರೆದ ಡಿಎಲ್‌ಎಲ್ ಎಕ್ಸೆಲ್ ಮುಚ್ಚುವ ತನಕ ಹಿಡಿತದಲ್ಲೇ ಇರುತ್ತದೆ, ಅದನ್ನು ಪೂರ್ತಿ ಮುಚ್ಚಿ ಮತ್ತೆ ಕಟ್ಟಿ. ಡಿಎಲ್‌ಎಲ್ ಇಡುವ ಫೋಲ್ಡರಿನ ಹೆಸರು ಇಂಗ್ಲಿಷ್‌ನಲ್ಲಿ ಇರಲಿ, ವಿಬಿಎ ಎಡಿಟರ್‌ನೊಳಗೆ ಕನ್ನಡ ಅಕ್ಷರ ನಿಲ್ಲುವುದಿಲ್ಲ. ಇಷ್ಟು ಮಾಡಿದ ಮೇಲೂ 453 ಬಂದರೆ ಆಬ್ಜ್‌ಡಂಪ್‌ನ ಎಕ್ಸ್‌ಪೋರ್ಟ್ ಭಾಗವನ್ನೂ ನಿಮ್ಮ ಡಿಕ್ಲೇರ್ ಸಾಲನ್ನೂ ಪ್ರಶ್ನೆಗೆ ಸೇರಿಸಿ, ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ ಹೇಳುತ್ತೇನೆ.