ತೋಟದ ಪಂಪಿಗೆ ಎಷ್ಟರ ವಯರು?

ಪ್ರಶ್ನೆ: ಬದಿಯಡ್ಕದ ಹತ್ತಿರ ನಮ್ಮ ಹಂಚಿನ ಮನೆಗೆ ತಾಗಿಸಿ ಎರಡು ಕೋಣೆ ಟೆರೇಸ್ ಕಟ್ಟಿಸಿದ್ದೇವೆ. ವಯರಿಂಗಿನವರು ಪ್ಲಗ್ಗಿಗೂ ಗೀಸರಿಗೂ ತೋಟದ ಪಂಪಿಗೂ ಎರಡೂವರೆಯ (ಚದರ ಮಿಲಿಮೀಟರ್) ವಯರೇ ಸಾಕು ಅನ್ನುತ್ತಾರೆ. ಪಂಪು ಒಂದೂವರೆ ಎಚ್‌ಪಿ, ಸಿಂಗಲ್ ಫೇಸ್, ಮನೆಯಿಂದ 120 ಮೀಟರ್ ಕೆಳಗೆ ಕೆರೆಯ ಬದಿಯಲ್ಲಿದೆ. ಈಗಲೂ ಎರಡೂವರೆಯದ್ದೇ ಇದೆ. ಬೇಸಗೆಯ ಸಂಜೆ ಗುಂಯ್ ಎಂದು ನಿಂತುಬಿಡುತ್ತದೆ, ಕೆಪಾಸಿಟರ್ ಎರಡು ಸಲ ಹೋಯಿತು. ಇನ್ನೊಂದು, ಅಡಿಕೆ ಒಣಗಿಸಲು ಟೆರೇಸಿನ ಮೇಲೆ ಶೀಟು ಹಾಕಿಸಬೇಕೆಂದಿದ್ದೇವೆ. ಪಕ್ಕದಲ್ಲೇ ಲೈನು ಹೋಗುತ್ತದೆ. ಎಷ್ಟು ಜಾಗ ಬಿಡಬೇಕು?
— ಒಬ್ಬ ಅಡಿಕೆ ಕೃಷಿಕರು

ಉತ್ತರ: ಮನೆಯೊಳಗಿನದ್ದು ಬೇಗ ಮುಗಿಯುತ್ತದೆ. ಲೈಟು, ಫ್ಯಾನಿಗೆ ಒಂದೂವರೆ ಚದರ ಮಿಲಿಮೀಟರಿನ ತಾಮ್ರದ ವಯರು. 16 ಆಂಪಿಯರಿನ ಪ್ಲಗ್ಗಿಗೆ, ಎರಡು ಕಿಲೋವಾಟಿನ ಗೀಸರಿಗೆ ಎರಡೂವರೆ. ಎಸಿಗೆ, ಮೂರು ಕಿಲೋವಾಟಿನ ಗೀಸರಿಗೆ ನಾಲ್ಕು. ಎಂಸಿಬಿಯೂ (ಲೋಡು ಮೀರಿದರೆ ತಾನೇ ಬೀಳುವ ಸ್ವಿಚ್ಚು) ಇದಕ್ಕೆ ಹೊಂದಿಕೊಂಡೇ ಇರಬೇಕು: ಒಂದೂವರೆಗೆ 10, ಎರಡೂವರೆಗೆ 16, ನಾಲ್ಕಕ್ಕೆ 20 ಆಂಪಿಯರು. ಎಂಸಿಬಿ ಇರುವುದು ವಯರನ್ನು ಕಾಯಲಿಕ್ಕೆ. ಪಂಪು ಹಾಕುವಾಗ ಬೀಳುತ್ತದೆಂದು 16 ತೆಗೆದು 32 ಹಾಕಿಸಿದರೆ, ವಯರು ಗೋಡೆಯೊಳಗೆ ಬೆಂದರೂ ಅದು ಬೀಳಲಿಕ್ಕಿಲ್ಲ. ಮೋಟಾರು ಹೊರಡುವಾಗಿನ ಎಳೆತ ತಾಳಲು 16ರಲ್ಲೇ ‘ಸಿ’ ಕರ್ವ್‌ನದ್ದು ಸಿಗುತ್ತದೆ, ಅಂಗಡಿಯಲ್ಲಿ ಹೆಸರು ಹೇಳಿಯೇ ಕೇಳಿ. ಹಂಚಿನ ಮನೆಯ ಭಾಗದಲ್ಲಿ 3/20ರ ವಯರು ಇದ್ದರೆ ಅದನ್ನು ಎರಡೂವರೆ ಎಂದು ಲೆಕ್ಕ ಹಿಡಿಯಬೇಡಿ. 20 ಗೇಜಿನ ಮೂರು ಎಳೆ ಸೇರಿದರೆ ಎರಡು ಚದರ ಮಿಲಿಮೀಟರಿಗೂ ಒಂದಿಷ್ಟು ಕಡಿಮೆಯೇ.

ಇನ್ನು ಪಂಪು. ನಿಮ್ಮ ವಯರಿಂಗಿನವರು ಹೇಳಿದ್ದು ಲೋಡಿನ ಮಟ್ಟಿಗೆ ಸರಿ. ಇಂಥ ಪಂಪು ಹತ್ತು ಆಂಪಿಯರಿನಷ್ಟು ಎಳೆಯುತ್ತದೆ, ಎರಡೂವರೆಯ ವಯರು ಅದನ್ನು ಆರಾಮವಾಗಿ ಹೊರುತ್ತದೆ. ಅವರು ಲೆಕ್ಕಕ್ಕೆ ತೆಗೆದುಕೊಳ್ಳದ್ದು ದೂರವನ್ನು. ಕರೆಂಟು ಹೋಗಿ ಮರಳಬೇಕಾದ್ದರಿಂದ 120 ಮೀಟರ್ ಎಂದರೆ 240 ಮೀಟರ್ ತಾಮ್ರ. ಎರಡೂವರೆಯ ವಯರಿನ ರೆಸಿಸ್ಟೆನ್ಸ್ ಕಿಲೋಮೀಟರಿಗೆ ಸುಮಾರು ಏಳೂವರೆ ಓಮ್. ಹಾಗಾದರೆ 240 ಮೀಟರಿಗೆ 1.8 ಓಮ್, ಹತ್ತು ಆಂಪಿಯರು ಹರಿದಾಗ 18 ವೋಲ್ಟ್ ದಾರಿಯಲ್ಲೇ ಖರ್ಚು. 230 ವೋಲ್ಟಿನಲ್ಲಿ ನೂರಕ್ಕೆ ಐದರಷ್ಟು, ಅಂದರೆ ಹನ್ನೊಂದೂವರೆ ವೋಲ್ಟ್ ಮೀರಬಾರದು ಎಂಬುದು ನಾವು ಹಿಡಿಯುವ ಮಿತಿ. ಏಪ್ರಿಲಿನ ಸಂಜೆ ಬಯಲಿನವರೆಲ್ಲ ಒಟ್ಟಿಗೆ ಪಂಪು ಹಾಕಿ ಮನೆಯಲ್ಲೇ 200 ವೋಲ್ಟ್ ಆಯಿತೆನ್ನಿ, ಕೆರೆಯ ಬದಿಗೆ ಮುಟ್ಟುವುದು 182.

ಹೊರಡುವ ಕ್ಷಣವಂತೂ ಇನ್ನೂ ಕಷ್ಟ. ಆಗ ಮೋಟಾರು ನಾಲ್ಕೈದು ಪಟ್ಟು ಎಳೆಯುತ್ತದೆ, ವಯರಿನಲ್ಲಿ ಬೀಳುವ ವೋಲ್ಟೂ ಅಷ್ಟೇ ಪಟ್ಟು ಏರುತ್ತದೆ. ತಿರುಗುವ ಬಲ ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಇಳಿಯುವುದರಿಂದ, ವೋಲ್ಟೇಜು ಅರ್ಧವಾದರೆ ಬಲ ಕಾಲು ಭಾಗ. ನಿಮಗೆ ಕೇಳುವ ಗುಂಯ್ ಸದ್ದು ಇದೇ, ಕೆಪಾಸಿಟರ್ ಹೋಗುವುದೂ ಬಹುತೇಕ ಇದರಿಂದಲೇ. ಮೂರನೆಯದನ್ನು ಹಾಕಿಸುವ ಮೊದಲು ಪಂಪು ಓಡುತ್ತಿರುವಾಗ ಡಿಬಿಯಲ್ಲೊಮ್ಮೆ (ಮನೆಯಲ್ಲಿ ಎಂಸಿಬಿಗಳಿರುವ ಪೆಟ್ಟಿಗೆ), ಸ್ಟಾರ್ಟರಿನಲ್ಲೊಮ್ಮೆ ವೋಲ್ಟೇಜು ನೋಡಲು ವಯರ್‌ಮ್ಯಾನಿಗೆ ಹೇಳಿ. ಎರಡರ ನಡುವಿನ ವ್ಯತ್ಯಾಸವನ್ನು ತಿಂದದ್ದು ವಯರು.

ಆರರ ವಯರು ಹಾಕಿಸಿ. ನಷ್ಟ ಏಳೆಂಟು ವೋಲ್ಟಿಗೆ ಇಳಿಯುತ್ತದೆ. ನಾಲ್ಕರದ್ದು ಮಿತಿಯ ಅಂಚಿನಲ್ಲಿ ನಿಲ್ಲುತ್ತದೆ, ನಾನಾದರೆ ಹಾಕಿಸುವುದಿಲ್ಲ. ಆರಕ್ಕೆ ದುಡ್ಡು ಜಾಸ್ತಿ, ನಿಜ. ಆದರೆ ಎರಡೂವರೆಯಲ್ಲಿ ಪಂಪು ಓಡಿದಷ್ಟು ಹೊತ್ತೂ 180 ವಾಟ್ ವಯರಿನಲ್ಲೇ ಬಿಸಿಯಾಗಿ ಹೋಗುತ್ತದೆ, ಬಿಲ್ಲು ಅದಕ್ಕೂ ಬರುತ್ತದೆ.

ಆರ್ಮರ್ಡ್ (ಉಕ್ಕಿನ ಹೊದಿಕೆಯ) ಕೇಬಲನ್ನು ಎರಡೂವರೆ ಅಡಿ ಆಳದಲ್ಲಿ ಹೂಳಿಸಿ, ಮೇಲೆ ಮರಳು, ಹಂಚಿನ ತುಂಡು ಹಾಸಿ. ಖರ್ಚು ಉಳಿಸಲೆಂದು ಅಡಿಕೆ ಮರದಿಂದ ಮರಕ್ಕೆ ವಯರು ಕಟ್ಟಬೇಡಿ, ಕೈಮುಗಿದು ಹೇಳುತ್ತೇನೆ. ಮುಳ್ಳೇರಿಯದ ಕಡೆ ಒಂದು ತೋಟದಲ್ಲಿ ನೋಡಿದ್ದೇನೆ: ಕಟ್ಟಿದ ಪ್ಲಾಸ್ಟಿಕ್ ಹಗ್ಗ ಮರಕ್ಕೆ ಕಚ್ಚಿಕೊಂಡಿತ್ತು, ಗಾಳಿಗೆ ಮರ ತೂಗಿದಾಗಲೆಲ್ಲ ವಯರು ಉಜ್ಜಿ ಉಜ್ಜಿ ಬೆರಳಗಲ ತಾಮ್ರ ಹೊರಗೆ ಕಾಣುತ್ತಿತ್ತು. ಅದರ ಕೆಳಗೇ ಹೆಂಗಸರು ಬಿದ್ದಡಿಕೆ ಹೆಕ್ಕುತ್ತಿದ್ದರು.

ಪಂಪಿಗೆ ಅರ್ತ್ ವಯರು ಬೇಕೇ ಬೇಕು. ಮುರಕಲ್ಲಿನ ಪಾರೆಯ ಮೇಲೆ ಮನೆ ಇದ್ದರೆ ಅಲ್ಲಿನ ಅರ್ತಿಂಗ್ ಬೇಸಗೆಯಲ್ಲಿ ನಂಬುವಂತಿರುವುದಿಲ್ಲ, ನೆಲ ಒಣಗಿ ರೆಸಿಸ್ಟೆನ್ಸ್ ಏರಿರುತ್ತದೆ. ಕೆರೆಯ ಬದಿಯ ತಂಪು ಮಣ್ಣಿನಲ್ಲಿ ಎರಡೂವರೆ ಮೀಟರಿನ ಜಿಐ ಪೈಪು ಇಳಿಸಿ ಪಂಪಿನ ಹತ್ತಿರವೇ ಇನ್ನೊಂದು ಅರ್ತ್ ಮಾಡಿಸಿ.

ಈಗ ಶೀಟಿನ ಮಾತು. ಪಕ್ಕದ ಲೈನು ಎಲ್‌ಟಿಯೋ (ಮನೆಗಳಿಗೆ ಬರುವ ಕಡಿಮೆ ವೋಲ್ಟೇಜಿನದ್ದು) 11 ಕೆವಿಯೋ (11 ಸಾವಿರ ವೋಲ್ಟಿನದ್ದು) ಎಂದು ವಿದ್ಯುತ್ ಸೆಕ್ಷನ್ ಆಫೀಸಿನಲ್ಲಿ ಕೇಳಿ ತಿಳಿದುಕೊಳ್ಳಿ. ಎಲ್‌ಟಿಯಾದರೆ ಕಟ್ಟಡದ ಅತಿ ಎತ್ತರದ ಬಿಂದುವಿನಿಂದ ಮೇಲಕ್ಕೆ 2.5 ಮೀಟರ್, ಪಕ್ಕಕ್ಕೆ 1.2 ಮೀಟರ್ ಬಿಡಬೇಕು. 11 ಕೆವಿಯಾದರೆ ಮೇಲಕ್ಕೆ 3.7, ಪಕ್ಕಕ್ಕೆ 1.2. ಇದನ್ನು ಗೋಡೆಯಿಂದಲ್ಲ, ಹೊರಚಾಚಿದ ಶೀಟಿನ ಅಂಚಿನಿಂದ ಹಿಡಿಯಬೇಕು. ಬಿಸಿಲಿಗೆ ಲೈನು ಜೋತುಬೀಳುವುದನ್ನೂ ಗಾಳಿಗೆ ತೂಗುವುದನ್ನೂ ಸೇರಿಸಿಕೊಳ್ಳಬೇಕು. ಕಟ್ಟಿದಾಗ ಸರಿಯಿದ್ದ ಎಷ್ಟೋ ಟೆರೇಸುಗಳು ಶೀಟು ಬಂದ ಮೇಲೆ ಲೈನಿಗೆ ಹತ್ತಿರವಾಗಿವೆ. ನೀವೇ ಟೇಪು ಹಿಡಿದು ಅಳೆಯಲು ಹೋಗಬೇಡಿ. ಜಾಗ ಸಾಲದಿದ್ದರೆ ಲೈನು ಸರಿಸಲು ಅರ್ಜಿ ಕೊಡಿ, ಅದು ಮುಗಿಯುವವರೆಗೆ ಕಬ್ಬಿಣದ ಕೆಲಸ ನಿಲ್ಲಿಸಿ. ಮೇಲೆತ್ತುವ ಉದ್ದನೆಯ ಪೈಪುಗಳೇ ಮೊದಲು ಲೈನಿಗೆ ತಾಗುವುದು.

ಮತ್ತೊಂದು ಮಾತು ನೀವು ಕೇಳಿಲ್ಲ, ಆದರೂ ಹೇಳಬೇಕು. ಈ ಒಂದು ಮೀಟರು, ಎರಡು ಮೀಟರಿನ ಲೆಕ್ಕ ಕಟ್ಟಡಕ್ಕೆ ಮಾತ್ರ, ಅಡಿಕೆ ಕೊಯ್ಯುವ ಉದ್ದ ದೋಟಿಗಲ್ಲ. ಅಲ್ಯೂಮಿನಿಯಂ ದೋಟಿಯಲ್ಲಿ ಕರೆಂಟು ಹರಿಯುವುದು ಎಲ್ಲರಿಗೂ ಗೊತ್ತು. ಈಗಿನ ಕಾರ್ಬನ್ ಫೈಬರ್ ದೋಟಿಯಲ್ಲೂ ಹರಿಯುತ್ತದೆ, ಹಗುರ ಎಂಬ ಕಾರಣಕ್ಕೆ ಅದನ್ನು ಪ್ಲಾಸ್ಟಿಕ್ ಎಂದುಕೊಳ್ಳಬೇಡಿ. ದೋಟಿ ಅಡ್ಡ ಬಿದ್ದರೆ ಲೈನಿಗೆ ಮುಟ್ಟುವಷ್ಟು ಹತ್ತಿರದ ಮರಗಳ ಕೊಯ್ಲು, ಮದ್ದು ಬಿಡುವ ಕೆಲಸವನ್ನು ಲೈನ್ ಆಫ್ ಮಾಡಿಸಿಯೇ ಮಾಡಿಸಿ.

ಪ್ರಶ್ನೆ: ಮಳೆಗಾಲ ಶುರುವಾದರೆ ನಮ್ಮ ಆರ್‌ಸಿಸಿಬಿ (ಕರೆಂಟು ಸೋರಿದರೆ ಬೀಳುವ ಸ್ವಿಚ್ಚು) ಪದೇ ಪದೇ ಬೀಳುತ್ತದೆ. ತೆಗೆದು ನೇರ ಕೊಡಿಸಬಹುದೇ?
— ಕುಂಬಳೆಯ ಒಬ್ಬ ಗೃಹಿಣಿ

ಉತ್ತರ: ಬೇಡ ಅಕ್ಕ. ಎಲ್ಲೋ ಕರೆಂಟು ಸೋರುತ್ತಿದೆ ಎಂದು ಅದು ಹೇಳುತ್ತಿದೆ. ಗೇಟಿನ ಲೈಟು, ಹೊರಗಿನ ಪ್ಲಗ್ಗು, ಮಾಡಿನಡಿಯ ಜಾಯಿಂಟು, ಇವುಗಳಲ್ಲಿ ನೀರು ಇಳಿದಿದೆಯೇ ಎಂದು ಮೊದಲು ನೋಡಿಸಿ, ಆಮೇಲೆ ಒಂದೊಂದೇ ಸರ್ಕ್ಯೂಟು ಬಿಚ್ಚಿಸಿ ಮೆಗ್ಗರಿನಲ್ಲಿ (ವಯರಿನ ಇನ್ಸುಲೇಷನ್ ಅಳೆಯುವ ಉಪಕರಣ) ಪರೀಕ್ಷೆ ಮಾಡಿಸಿ. ಹೊಸದು ಹಾಕುವ ಸಂದರ್ಭ ಬಂದರೆ 30 ಮಿಲಿಆಂಪಿಯರಿನದ್ದೇ ಇರಲಿ. ಬೀಳುವುದಿಲ್ಲವೆಂದು 100ರದ್ದೋ 300ರದ್ದೋ ಹಾಕಿಸಬೇಡಿ, ಶಾಕ್ ಹೊಡೆದಾಗ ಜೀವ ಉಳಿಸಲು ಅವು ಸಾಲವು.