ಸ್ಕಾಟ್ಲೆಂಡ್ ಬೇರೆಯಾದರೆ ವ್ಯಾಪಾರಕ್ಕೆ ಎಷ್ಟು ನಷ್ಟ ಎಂಬುದನ್ನು ಅರ್ಥಶಾಸ್ತ್ರಜ್ಞರು ಮೊದಲೇ ಹೇಗೆ ಲೆಕ್ಕ ಹಾಕುತ್ತಾರೆ?

ಇನ್ನೂ ಹುಟ್ಟದ ಗಡಿಯೊಂದರ ವೆಚ್ಚವನ್ನು ಶೇಕಡಾ ಲೆಕ್ಕದಲ್ಲಿ ಹೇಳುವುದು ಭವಿಷ್ಯ ನುಡಿದಂತಲ್ಲವೇ ಎಂದು ಕೇಳಿದ್ದೀರಿ. ಅಂತರರಾಷ್ಟ್ರೀಯ ವ್ಯಾಪಾರದ ಪಾಠ ಹೇಳುವ ನನಗೆ ಬಹಳ ಹತ್ತಿರದ ವಿಷಯವಿದು. ತುಸು ವಿವರವಾಗಿಯೇ ಉತ್ತರಿಸುತ್ತೇನೆ.

ಈ ಲೆಕ್ಕದ ಬುನಾದಿಗೆ ಗುರುತ್ವ ಮಾದರಿ ಎಂದು ಹೆಸರು. ಎರಡು ಪ್ರದೇಶಗಳ ಆರ್ಥಿಕತೆ ದೊಡ್ಡದಾದಷ್ಟೂ ಅವುಗಳ ನಡುವಿನ ವ್ಯಾಪಾರ ಹೆಚ್ಚುತ್ತದೆ, ದೂರ ಹೆಚ್ಚಿದಷ್ಟೂ ಕುಗ್ಗುತ್ತದೆ. ಇವೆರಡನ್ನೂ ಲೆಕ್ಕಕ್ಕೆ ಹಿಡಿದ ಮೇಲೂ ಉಳಿಯುವ ಕೊರತೆಯಲ್ಲಿ ಗಡಿಯ ಪಾಲನ್ನು ಹುಡುಕಬೇಕು. 1995ರಲ್ಲಿ ಅರ್ಥಶಾಸ್ತ್ರಜ್ಞ ಜಾನ್ ಮೆಕಲಮ್ ಹೀಗೆ ಹುಡುಕಿದಾಗ, ಕೆನಡಾದ ಪ್ರಾಂತ್ಯಗಳು ಅಷ್ಟೇ ಗಾತ್ರದ, ಅಷ್ಟೇ ದೂರದ ಅಮೆರಿಕದ ರಾಜ್ಯಗಳೊಂದಿಗೆ ಮಾಡುವುದಕ್ಕಿಂತ ತಮ್ಮ ತಮ್ಮಲ್ಲೇ ಸುಮಾರು 22 ಪಟ್ಟು ಹೆಚ್ಚು ವ್ಯಾಪಾರ ಮಾಡುತ್ತಿದ್ದುದು ಕಂಡುಬಂತು. ಚಿಕ್ಕ ಆರ್ಥಿಕತೆಯಲ್ಲಿ ಈ ಅಂತರ ಹಿಗ್ಗಿ ಕಾಣುತ್ತದೆ ಎಂದು 2003ರಲ್ಲಿ ಅರ್ಥಶಾಸ್ತ್ರಜ್ಞರಾದ ಆಂಡರ್ಸನ್ ಮತ್ತು ವ್ಯಾನ್ ವಿನ್‌ಕೂಪ್ ತೋರಿಸಿಕೊಟ್ಟರು. ಅವರ ತಿದ್ದುಪಡಿಯ ಪ್ರಕಾರ ಗಡಿಯು ಆ ಎರಡು ದೇಶಗಳ ನಡುವಿನ ವ್ಯಾಪಾರವನ್ನು ಸುಮಾರು ಶೇ 44ರಷ್ಟು ಇಳಿಸುತ್ತದೆ. ಬಹುಮಟ್ಟಿಗೆ ಒಂದೇ ಭಾಷೆಯಾಡುವ ನೆರೆಹೊರೆಯ ನಡುವೆ ಇದೇನೂ ಸಣ್ಣ ಇಳಿಕೆಯಲ್ಲ.

ಸ್ಕಾಟ್ಲೆಂಡ್ ದೇಶದಾಚೆಗೂ ಬ್ರಿಟನ್ನಿನ ಉಳಿದ ಭಾಗಕ್ಕೂ ಮಾರುವ ಸರಕು ಮತ್ತು ಸೇವೆಗಳಲ್ಲಿ ಸುಮಾರು ಶೇ 60 ಬ್ರಿಟನ್ನಿನ ಉಳಿದ ಭಾಗಕ್ಕೇ ಹೋಗುತ್ತದೆ. 2021ರಲ್ಲಿ ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್‌ನ ಥಾಮಸ್ ಸ್ಯಾಂಪ್ಸನ್ ಮತ್ತು ಸಹಲೇಖಕರು, ಬ್ರಿಟನ್ ಐರೋಪ್ಯ ಒಕ್ಕೂಟವನ್ನು ತೊರೆದ ಬ್ರೆಕ್ಸಿಟ್‌ನಿಂದ ಆಗುವ ವ್ಯಾಪಾರ ನಷ್ಟಕ್ಕಿಂತ ಸ್ವಾತಂತ್ರ್ಯದಿಂದ ಆಗುವ ನಷ್ಟ ಎರಡರಿಂದ ಮೂರು ಪಟ್ಟು ದೊಡ್ಡದೆಂದೂ, ಎರಡೂ ಸೇರಿದರೆ ತಲಾ ಆದಾಯ ದೀರ್ಘಾವಧಿಯಲ್ಲಿ ಶೇ 6.5ರಿಂದ 8.7ರಷ್ಟು ಇಳಿಯಬಹುದೆಂದೂ ಅಂದಾಜಿಸಿದರು. ಈ ಎರಡು ಅಂಕಿಗಳ ನಡುವಿನ ಅಂತರವನ್ನೇ ಗಮನಿಸಿ. ಹೊಸ ಗಡಿ ತೆಳುವಾಗಿರುತ್ತದೆ ಎಂದುಕೊಂಡರೆ ಮೊದಲನೆಯದು, ದಪ್ಪವಾಗಿರುತ್ತದೆ ಎಂದುಕೊಂಡರೆ ಎರಡನೆಯದು. ಗಡಿಯ ದಪ್ಪವನ್ನು ಮಾದರಿ ತೀರ್ಮಾನಿಸುವುದಿಲ್ಲ. ಬ್ರಿಟನ್ ಸರ್ಕಾರವಿರುವ ಲಂಡನ್ನಿಗೂ ಸ್ಕಾಟ್ಲೆಂಡಿನ ರಾಜಧಾನಿ ಎಡಿನ್‌ಬರೋಗೂ ಆಗುವ ಒಪ್ಪಂದ ತೀರ್ಮಾನಿಸುತ್ತದೆ. ಆದ್ದರಿಂದ ಇದು ಭವಿಷ್ಯವಲ್ಲ, ಷರತ್ತಿಗೆ ಒಳಪಟ್ಟ ಲೆಕ್ಕ.

ಪೂರ್ತಿ ಬೇರೆಯಾಗದೆ ಅಧಿಕಾರವನ್ನಷ್ಟೇ ಹಂಚಿಕೊಂಡರೂ ಈ ಪ್ರಶ್ನೆ ಬೆನ್ನು ಬಿಡುವುದಿಲ್ಲ. 1998ರ ಸ್ಕಾಟ್ಲೆಂಡ್ ಕಾಯ್ದೆಯಿಂದ ಅಲ್ಲಿನ ಸಂಸತ್ತಿಗೆ ಪರಿಸರದಂಥ ವಿಷಯಗಳಲ್ಲಿ ಶಾಸನಾಧಿಕಾರ ಬಂತು. ಬ್ರೆಕ್ಸಿಟ್ ಬಳಿಕ 2020ರ ಆಂತರಿಕ ಮಾರುಕಟ್ಟೆ ಕಾಯ್ದೆಯು, ಒಂದು ಭಾಗದಲ್ಲಿ ನಿಯಮಬದ್ಧವಾಗಿ ಮಾರಬಹುದಾದ ಸರಕನ್ನು ಉಳಿದ ಭಾಗಗಳಲ್ಲೂ ಮಾರಬಹುದು ಎಂದಿತು. ಖಾಲಿ ಬಾಟಲಿ ಮರಳಿಸಿದವರಿಗೆ 20 ಪೆನ್ಸ್ ಠೇವಣಿ ಹಿಂದಿರುಗಿಸುವ ಸ್ಕಾಟ್ಲೆಂಡಿನ ಯೋಜನೆ 2023ರಲ್ಲಿ ಇದಕ್ಕೇ ಸಿಕ್ಕಿಬಿತ್ತು: ಠೇವಣಿಯಿಲ್ಲದೆ ಬೇರೆ ಭಾಗದಲ್ಲಿ ಮಾರುವ ಬಾಟಲಿಯನ್ನು ಸ್ಕಾಟ್ಲೆಂಡಿನಲ್ಲೂ ಮಾರಬಹುದಾದ್ದರಿಂದ ಆ ಕಾಯ್ದೆಯಿಂದ ವಿನಾಯಿತಿ ಬೇಕಿತ್ತು, ಗಾಜಿನ ಬಾಟಲಿಗಳನ್ನು ಕೈಬಿಟ್ಟರಷ್ಟೇ ವಿನಾಯಿತಿ ಎಂದು ಲಂಡನ್ ಹೇಳಿತು, ಯೋಜನೆಯನ್ನು ಮುಂದೂಡಲಾಯಿತು. ವ್ಯಾಪಾರಿಗೆ ಒಂದೇ ಮಾರುಕಟ್ಟೆ ಅನುಕೂಲ, ನಿಜ. ಆದರೆ ಚುನಾಯಿತ ಸಂಸತ್ತು ತನ್ನ ಅಧಿಕಾರದೊಳಗೇ ಮಾಡಿದ ನಿಯಮವು ಆ ಅನುಕೂಲಕ್ಕಾಗಿ ತೆರಬೇಕಾಗಿ ಬಂದ ಬೆಲೆ ಯಾವ ವ್ಯಾಪಾರ ಮಾದರಿಯಲ್ಲೂ ಕಾಣುವುದಿಲ್ಲ, ನನ್ನ ಮಟ್ಟಿಗೆ ಇದು ಈ ಸಂಶೋಧನೆಯ ದೊಡ್ಡ ಕೊರತೆ.

ಹಾಗಾಗಿ ಇಂಥ ವರದಿ ಕೈಗೆ ಬಂದರೆ ಮೊದಲು ಗಡಿಯ ವೆಚ್ಚವನ್ನು ಎಷ್ಟೆಂದು ಊಹಿಸಿದ್ದಾರೆ ಎಂದು ನೋಡಿ, ಆಮೇಲೆ ಕರೆನ್ಸಿ, ಸರ್ಕಾರದ ಆದಾಯ ಮತ್ತು ವಲಸೆ ಆ ಲೆಕ್ಕದಲ್ಲಿ ಸೇರಿವೆಯೇ ಎಂದು ನೋಡಿ. ಸ್ಯಾಂಪ್ಸನ್ ಅವರ ಅಂದಾಜು ವ್ಯಾಪಾರಕ್ಕೆ ಮಾತ್ರ ಸೀಮಿತ.